ಅವನ ಸರದಿ

ಹಚಿನೋಹೆಯ ಬಂದರಿನಲ್ಲಿ ಬೆಳಗಿನ ಮೂರೂವರೆಗೆ
ಬಂಗುಡೆಯ ಹರಾಜು.
ಅಪ್ಪನ ಬಾಯಿಂದ ಅಂಕಿಗಳು
ಬಲೆ ಕೊಡವಿದ ಹಾಗೆ ಉದುರುತ್ತವೆ,
ಕಣ್ಣು ಮಿಟುಕಿಸಿದವನ ಪಾಲಿಗೆ ಮೀನಿಲ್ಲ.
ನನ್ನ ತಮ್ಮ ತೊಮೊಹಾರು
ಪಕ್ಕದಲ್ಲಿ ನಿಂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾನೆ.
ಅವನನ್ನು ಕೂಗುವ ಕೆಲಸಕ್ಕೆ ಹಚ್ಚುವ ಆಸೆಯನ್ನು
ಅಪ್ಪ ಎಂದೋ ಬಿಟ್ಟ.

'ಸ' ಬಂದರೆ ಅವನ ನಾಲಿಗೆ
ಹೊಸ್ತಿಲಲ್ಲೇ ಎಡವುತ್ತದೆ.
ನಮ್ಮಲ್ಲಿ ಬಂಗುಡೆಗೆ 'ಸಬಾ' ಎನ್ನುತ್ತಾರೆ.
ಏನು ಮಾಡೋಣ.

ಮಧ್ಯಾಹ್ನ ಮಲಗಿ ಎದ್ದರೆ ಅವನ ಕೈಯಲ್ಲಿ
ಅಂಗೈಯಗಲದ ಪರದೆ.
ಒಂದು ಸೇತುವೆ, ಜೌಗು, ಉರಿದುಹೋದ ಗಿರಣಿ,
ಚಾಪೆಯ ಹಾಗೆ ಚೌಕ ಚೌಕವಾಗಿ ಹೆಣೆದ ನೆಲ.
ಈ ಕಡೆ ಅವನ ಏಳು ಮಂದಿ,
ಆ ಕಡೆ ಹದಿನಾಲ್ಕು ಭರ್ಜಿ, ಒಂದು ಘಟಸರ್ಪ.
ಯಾರೂ ಯಾರ ಮೇಲೂ ಬೀಳುವುದಿಲ್ಲ.
ಎಲ್ಲರೂ ನಿಂತಲ್ಲೇ
ಮೊಣಕಾಲು ತುಸು ಬಗ್ಗಿಸಿ ಎತ್ತಿ, ಬಗ್ಗಿಸಿ ಎತ್ತಿ
ಉಸಿರಾಡುತ್ತಾ ಕಾಯುತ್ತಾರೆ.

'ಇದೆಂಥ ಯುದ್ಧ' ಎಂದೆ, 'ನಿದ್ದೆ ಬರುತ್ತದೆ.'
ನನ್ನದು ಓಟದ ಆಟ, ಗುಂಡಿನ ಆಟ,
ಯೋಚಿಸಿದವ ಸತ್ತ.
ಅವನು ಕಣ್ಣೆತ್ತದೆ ಹೇಳಿದ, 'ಇದು ನನ್ನ ಸ—'
'ಸರದಿ' ಎಂದು ನಾನೇ ಮುಗಿಸಿದೆ.
ಯಾವಾಗಲೂ ನಾನೇ ಮುಗಿಸುವುದು.
ಒಳ್ಳೆಯದಕ್ಕೇ ಎಂದುಕೊಂಡಿದ್ದೆ.

ಬೇರೆ ಕೆಲಸವಿಲ್ಲದೆ ಪಕ್ಕದಲ್ಲೇ ಕೂತೆ.
ಹೊರಗೆ ಹಿಮ, ಐಸ್ ಕಾರ್ಖಾನೆಯ ಗುರುಗುರು.
ಅವನು ಜೌಗಿನ ಒಂದೊಂದು ಚೌಕದ ಮೇಲೂ ಬೆರಳಾಡಿಸಿ
ಯಾವುದು ಕಾಲು ಹಿಡಿಯುತ್ತದೆ, ಯಾವುದು ಬಿಡುತ್ತದೆ ನೋಡಿದ.
ಬಿಲ್ಲುಗಾರನನ್ನು ಗಿರಣಿಯ ಮಾಡಿಗೆ ಹತ್ತಿಸಿದ,
ಬೇಡವೆಂದು ಇಳಿಸಿದ.
ಹತ್ತಿಸಿ ಇಳಿಸಿದ್ದಕ್ಕೆ ಯಾರೂ ನಗಲಿಲ್ಲ.
ಘಟಸರ್ಪ ಬಾಲದ ತುದಿ ಆಡಿಸುತ್ತಾ
ಪೋಸ್ಟಾಫೀಸಿನ ಸಾಲಿನಲ್ಲಿ ನಿಂತ ಮುದುಕನಷ್ಟು ಸಭ್ಯವಾಗಿತ್ತು.
ಒಂದೇ ನಡೆಗೆ ಇಪ್ಪತ್ತು ನಿಮಿಷ.
ಹರಾಜುಕಟ್ಟೆಯಲ್ಲಿ ಅಷ್ಟು ಹೊತ್ತಿಗೆ
ಮೂರು ದೋಣಿ ಮೀನು ಖಾಲಿ.

ನಡೆ, ನುಡಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ,
ಅವೆರಡನ್ನೂ ಬಿಡಿಸಿಟ್ಟ ಯಾರೋ
ಈ ಆಟ ಕಟ್ಟಿದ್ದಾರೆ.
ಇಲ್ಲಿ ನುಡಿಯ ಗೊಡವೆಯಿಲ್ಲ.
ನಡೆ ಎಷ್ಟು ತಡವಾದರೂ ನಡೆಯೇ.

ಹಾಗೆಂದು ಕರುಣೆಯ ಲೋಕವೇನಲ್ಲ.
ನೂರಕ್ಕೆ ತೊಂಬತ್ತೊಂದು ಪಾಲು ತಗಲುತ್ತದೆಂದು ತೋರಿಸಿದ ಬಾಣ
ತಗಲಲಿಲ್ಲ.
ಉಳಿದ ಒಂಬತ್ತು ಎಲ್ಲಿ ಅಡಗಿತ್ತೋ.
ಗಾಯ ಮಾಯಿಸುವ ಕುಳ್ಳಿ, ಕೊಡೆಯಂಥ ಟೋಪಿಯವಳು,
ಸೇತುವೆಯ ಮೂರನೇ ಚೌಕದಲ್ಲಿ ಒಬ್ಬಳೇ ಸಿಕ್ಕಳು.
ಈ ಆಟದಲ್ಲಿ ಸತ್ತವರು ಸತ್ತರು.
ಮುಂದಿನ ಅಧ್ಯಾಯದ ಊಟದ ಮೇಜಿನಲ್ಲಿ
ಅವಳ ಬೋಗುಣಿ ಇರುವುದಿಲ್ಲವಂತೆ, ಅಷ್ಟೇ.

ಆರಿಸಿ ಮತ್ತೆ ಹಚ್ಚಿದರೆ ಬದುಕಿಸಬಹುದು,
ನಾಲ್ಕು ಗಂಟೆ ಹಿಂದಿನಿಂದ.
ಎರಡಕ್ಕೆಲ್ಲ ಏಳಬೇಕು.
ಆರಿಸಿದ. ಹಚ್ಚಿದ.
ಅದೇ ಜೌಗು, ಅದೇ ಹದಿನಾಲ್ಕು ಭರ್ಜಿ,
ಅದೇ ಟೋಪಿ, ಬಗ್ಗಿಸಿ ಎತ್ತಿ, ಬಗ್ಗಿಸಿ ಎತ್ತಿ.
ನಾನು ಚಹಾ ಬಿಸಿ ಮಾಡಿ ತಂದೆ.
'ಅವಳನ್ನು ಹಿಂದೆ ಇಡು' ಎನ್ನಲು ಬಾಯಿ ತೆರೆದು
ಮುಚ್ಚಿದೆ.
ಎಷ್ಟು ಕಷ್ಟ, ಮುಚ್ಚುವುದು.

ಮಾರನೆಯ ರಾತ್ರಿ ಊಟಕ್ಕೆ ಕೂತಾಗ
ಅವನು ಶುರುಮಾಡಿದ, 'ಸ—'
ಅಪ್ಪನ ತುಟಿ ಆಗಲೇ ಅದುರಿತ್ತು,
ಅಂಕಿ ಕೂಗುವವನ ತುಟಿ.
ಮೇಜಿನಡಿ ಅಪ್ಪನ ಕಾಲು ತುಳಿದೆ.
'ಸ—'
ಗೋಡೆಯ ಗಡಿಯಾರ. ಉಪ್ಪಿನಕಾಯಿಯ ಮುಚ್ಚಳ.
ಅಮ್ಮನ ಕೈಯಲ್ಲಿ ಅರ್ಧಕ್ಕೆ ನಿಂತ ಸೌಟು.
ನಾವು ಮೂವರೂ ಕೂತಲ್ಲೇ
ತುಸು ತಗ್ಗಿ, ತುಸು ಏರಿ
ಉಸಿರಾಡಿದೆವು.

'ಸ-ಸ-ಸಾರಿಗೆ
ಉಪ್ಪು ಜಾಸ್ತಿ.'

ಜಾಸ್ತಿಯೇ ಆಗಿತ್ತು.
ಅಮ್ಮ ನೀರು ಬೆರೆಸಲು ಎದ್ದಳು.